ಒಂದೇ ಗಂಟಿನ ಸೆರಗು

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿನ ಗುರು ಗೌರಕ್ಕ.

ವೇದಾಂತ ಕೇಳಬೇಕೆಂದು ಬಂದವರಿಗೆ ಗೌರಕ್ಕ ಮೊದಲು ಶೆಲ್ ಕಲಿಸುತ್ತಿದ್ದರು. ಶೆಲ್ ಎಂದರೆ ಕಂಪ್ಯೂಟರಿಗೆ ಒಂದೊಂದೇ ಸಾಲಿನಲ್ಲಿ ಅಪ್ಪಣೆ ಕೊಡುವ ಜಾಗ. "ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಆಳು ಸಿಕ್ಕಿದ್ರೆ, ಹೇಳಿದವರ ಬಂಡವಾಳ ಬಯಲಿಗೆ ಬರುತ್ತೆ" ಎನ್ನುವುದು ಅವರ ಮಾತು.

ಆ ಬೆಳಿಗ್ಗೆ ಹಿರಿಯ ಶಿಷ್ಯ ತಿಪ್ಪೇಶ ಮೆಟ್ಟು ಕಳಚದೆ ಅವರ ಗುಡಿಸಲಿಗೆ ನುಗ್ಗಿದ.

"ಅಕ್ಕಾ, ಹಾಲಮ್ಮನ್ನ ಇವತ್ತೇ ಊರಿಗೆ ಕಳಿಸಿ."

ಗೌರಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಮೆಟ್ಟು," ಎಂದರು.

ತಿಪ್ಪೇಶ ಹೊರಗೆ ಹೋಗಿ ಮೆಟ್ಟು ಬಿಟ್ಟು ಬಂದ. ಸಿಟ್ಟನ್ನು ಮಾತ್ರ ಬಿಟ್ಟು ಬರಲಿಲ್ಲ.

"ಕಳಿಸ್ತೀರೋ ಇಲ್ವೋ?"

"ಏನಾಯ್ತು ಅಂತ ಹೇಳು."

"ಆಗಬಾರದ್ದು ಆಯ್ತು!"

ನಿಜ, ಆಗಬಾರದ್ದೇ ಆಗಿತ್ತು. ಆಶ್ರಮದ ನೀರಿನ ತೊಟ್ಟಿ ಇರುವುದು ದಿಬ್ಬದ ಮೇಲೆ. ದಿಬ್ಬದ ಕೆಳಗೆ ಕುಂಬಾರ ಕೆಂಚಪ್ಪನ ಅಂಗಳ. ಬೆಳಿಗ್ಗೆ ತೊಟ್ಟಿಯ ಗೇಟು ತೆರೆದು, ತೋಟಕ್ಕೆ ನೀರು ಬಿಟ್ಟು, ಮತ್ತೆ ಗೇಟು ಮುಚ್ಚುವುದು ಪಂಪ್‌ಹೌಸಿನಲ್ಲಿರುವ ಕಂಪ್ಯೂಟರಿನ ಕೆಲಸ. ಅದಕ್ಕೆ ಸ್ಕ್ರಿಪ್ಟ್, ಅಂದರೆ ಅಪ್ಪಣೆಗಳ ಪಟ್ಟಿ, ಬರೆದುಕೊಟ್ಟವನು ತಿಪ್ಪೇಶ.

ಆ ಸ್ಕ್ರಿಪ್ಟಿನಲ್ಲಿ 'ನೀರುಬಿಡು' ಎಂಬ ಫಂಕ್ಷನ್, ಒಂದು ಹೆಸರಿನಡಿ ಕಟ್ಟಿಟ್ಟ ಅಪ್ಪಣೆಗಳ ಕಂತೆ. ಅದರ ಮೊದಲ ಸಾಲಿನಲ್ಲೇ ಅವನು ಒಂದು ಎಕ್ಸಿಟ್ ಟ್ರ್ಯಾಪ್ ಇಟ್ಟಿದ್ದ. ಟ್ರ್ಯಾಪ್ ಎಂದರೆ ಮುಂಚಿತವಾಗಿ ಹೇಳಿಡುವ ಮಾತು. ಕೆಲಸ ಮುಗಿಯಲಿ, ನಡುವೆ ಕೆಡಲಿ, ಇಲ್ಲಿಂದ ಹೋಗುವಾಗ ಗೇಟು ಮುಚ್ಚಿಯೇ ಹೋಗು ಎಂದು ಅವನು ಹೇಳಿಟ್ಟಿದ್ದ. ಬರೆದ ದಿನ ಎದೆಯುಬ್ಬಿಸಿಕೊಂಡು ಇಡೀ ಆಶ್ರಮ ಸುತ್ತಿ ಬಂದಿದ್ದ.

ಕೆಂಚಪ್ಪನಿಗೆ ಮಾತ್ರ ಅಳುಕಿತ್ತು. ಹಸಿ ಮಡಕೆಯನ್ನು ನೀರಿನ ದಾರಿಯಲ್ಲಿ ಒಣಗಲು ಇಡುವುದಕ್ಕೆ ಯಾವ ಕುಂಬಾರನಿಗೆ ಧೈರ್ಯ ಬಂದೀತು? ತಿಪ್ಪೇಶನೇ ಹೋಗಿ ಹೇಳಿದ್ದ: "ಹೆದರಬೇಡ ಕೆಂಚಪ್ಪಣ್ಣ, ಧಾರಾಳವಾಗಿ ಹರವ್ಕೋ. ಗೇಟು ತಾನಾಗಿ ಮುಚ್ಕೊಳ್ಳುತ್ತೆ."

ಕೆಂಚಪ್ಪ ಹರವಿಕೊಂಡ.

ಹಿಂದಿನ ದಿನ ಅದೇ ಸ್ಕ್ರಿಪ್ಟಿನೊಳಕ್ಕೆ ಹಾಲಮ್ಮ ಬರೆದ ಇನ್ನೊಂದು ಫಂಕ್ಷನ್ ಸೇರಿತ್ತು. ಹಾಲಮ್ಮ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದು, ನಡುವಯಸ್ಸು ದಾಟಿದ ಮೇಲೆ ಕಲಿಯಲು ಬಂದವಳು. ಅವಳ ಫಂಕ್ಷನ್ ಹೆಸರು 'ಮಟ್ಟನೋಡು'. ಗೇಟು ತೆರೆದಿರುವಾಗ 'ನೀರುಬಿಡು' ಇದನ್ನು ಒಳಗೆ ಕರೆಯುತ್ತದೆ. ಇದು ತೊಟ್ಟಿಯ ನೀರಿನ ಮಟ್ಟ ಅಳೆದು ಒಂದು ತಾತ್ಕಾಲಿಕ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೋಗುವಾಗ ಆ ಫೈಲು ಅಳಿಸಿ ಹೋಗು ಎಂದು ಅವಳೂ ಒಂದು ಟ್ರ್ಯಾಪ್ ಇಟ್ಟಳು.

ಇವತ್ತು ಬೆಳಿಗ್ಗೆ ಕಂಪ್ಯೂಟರು ಗೇಟು ತೆರೆಯಿತು, ಮಟ್ಟ ಅಳೆಯಿತು, ಕೊನೆಗೆ ಫೈಲನ್ನು ಚೊಕ್ಕಟವಾಗಿ ಅಳಿಸಿ ಕೆಲಸ ಮುಗಿಸಿತು. ಗೇಟು ಬಾಯಿ ತೆರೆದುಕೊಂಡೇ ನಿಂತಿತು. ತೋಟ ತುಂಬಿದ ನೀರು ಕೆಂಚಪ್ಪನ ಅಂಗಳಕ್ಕೆ ಇಳಿಯಿತು. ಸುಡಲು ಆವಿಗೆಗೆ ಇಡುವುದಕ್ಕೆ ಸಿದ್ಧವಾಗಿದ್ದ ಹರವಿ, ಗಡಿಗೆ, ಕುಡಿಕೆಗಳೆಲ್ಲ ತಳ ಕರಗಿ ಕೂತಲ್ಲೇ ಕೆಸರಾದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ.

ಸುದ್ದಿ ತಿಳಿದು ತಿಪ್ಪೇಶ ಓಡಿಹೋಗಿ ಕೈಯಾರೆ ಗೇಟು ಮುಚ್ಚಿದ. ಕೆಂಚಪ್ಪ ದಿಬ್ಬ ಹತ್ತಿ ಬಂದು, ನಾಲ್ಕು ಜನರ ಎದುರಿಗೆ, "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ಯೇನಯ್ಯ?" ಎಂದು ಕೂಗಿದ. ಆ ಮಾತು ತಿಪ್ಪೇಶನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ.

"ನಾನು ಸರಿಯಾಗೇ ಬರೆದಿದ್ದೆ ಅಕ್ಕಾ," ಎಂದ. "ಒಳಗೆ ಬಂದೋರು ನನ್ನ ಟ್ರ್ಯಾಪ್ ತೆಗೆದು ತಮ್ಮದನ್ನ ಇಟ್ರು. ಉಗಿಸ್ಕೊಂಡಿದ್ದು ಯಾರು? ನಾನು!"

ಗೌರಕ್ಕ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದರು.

"ಹಾಲಮ್ಮನ್ನ ಕರಿ."

ಹಾಲಮ್ಮ ಬಂದಳು. ಮೊಣಕೈವರೆಗೂ ಕೆಸರು. ನೆನೆಯದೆ ಉಳಿದಿದ್ದ ನಾಲ್ಕಾರು ಮಡಕೆಗಳನ್ನು ಕೆಂಚಪ್ಪನ ಜಗುಲಿಗೆ ಎತ್ತಿಟ್ಟು ಬಂದಿದ್ದಳು. ತಿಪ್ಪೇಶನಿಗೆ ಆ ಕೆಸರು ಕಂಡು ಇನ್ನಷ್ಟು ಉರಿಯಿತು. ಮಾಡಿದ್ದು ಮಾಡಿ ಈಗ ಸೇವೆ ಮಾಡುವ ವೇಷ, ಅಂದುಕೊಂಡ.

"ಹಾಲಮ್ಮ, ಇವನ ಟ್ರ್ಯಾಪ್ ನೀನು ತೆಗೆದ್ಯಾ?"

"ಇಲ್ಲ ಅಕ್ಕಾ. ನಂದು ಇಟ್ಟೆ. ಇನ್ನೊಬ್ಬರ ಮನೇಲಿ ಕೆಲಸ ಮಾಡಿ ನನ್ನ ಕಸ ಬಿಟ್ಟು ಬರಬಾರ್ದು ಅಂತ, ಅಷ್ಟೇ."

"ಕಸ ಗುಡಿಸೋಕೆ ಹೋಗಿ ಮನೆ ಗುಡಿಸಿ ಹಾಕಿದ್ರಿ!" ಎಂದು ತಿಪ್ಪೇಶ ಹರಿಹಾಯ್ದ.

ಗೌರಕ್ಕ ಮೊರ ಕೆಳಗಿಟ್ಟು ಎದ್ದು ನಿಂತರು. ಸೀರೆಯ ಸೆರಗನ್ನು ಮುಂದಕ್ಕೆ ಎಳೆದುಕೊಂಡರು.

"ಈಗ ನಾನು ಪಂಪ್‌ಹೌಸಿನ ಶೆಲ್ಲು. ತಿಪ್ಪೇಶ, ನಿನ್ನ ಮಾತು ಹೇಳು."

"ಇದೇನು ಮಕ್ಕಳಾಟ ಅಕ್ಕಾ?"

"ಹೇಳು."

"ಹೋಗುವಾಗ ಗೇಟು ಮುಚ್ಚು."

ಗೌರಕ್ಕ ಸೆರಗಿನ ತುದಿಗೆ ಒಂದು ಗಂಟು ಹಾಕಿದರು. ಮರೆಯಬಾರದ ಮಾತಿಗೆ ಹೆಂಗಸರು ಹಾಕಿಕೊಳ್ಳುವ ಗಂಟು.

"ಹಾಲಮ್ಮ, ನೀನು ಹೇಳು."

"ಹೋಗುವಾಗ ಫೈಲು ಅಳಿಸು."

ಗೌರಕ್ಕ ಮೊದಲಿನ ಗಂಟು ಬಿಚ್ಚಿದರು. ಅದೇ ತುದಿಗೆ ಹೊಸ ಗಂಟು ಹಾಕಿದರು.

"ನಂದ್ಯಾಕೆ ಬಿಚ್ಚಿದ್ರಿ?" ತಿಪ್ಪೇಶ ಹೌಹಾರಿದ.

"ನನಗಿರೋದು ಒಂದೇ ಗಂಟು."

"ಇನ್ನೊಂದು ಹಾಕ್ಕೊಳ್ಳಿ. ಸೆರಗು ಅಷ್ಟು ಉದ್ದ ಇದೆ!"

"ನಿನಗೆ ಉದ್ದ ಕಾಣುತ್ತೆ. ಪಂಪ್‌ಹೌಸಿನಲ್ಲಿರೋದು ಬ್ಯಾಶ್ ಅನ್ನೋ ಶೆಲ್ಲು, ಅದಕ್ಕೆ ಹೋಗುವಾಗಿನ ಮಾತು ಒಂದೇ. ಹೊರಗಿನ ಫಂಕ್ಷನ್ ಹೇಳಲಿ, ಒಳಗಿನದು ಹೇಳಲಿ, ಕೊನೇಲಿ ಹೇಳಿದ್ದು ಉಳಿಯುತ್ತೆ. ಅದನ್ನೂ ಮಾಡೋದು ಯಾವಾಗ? ಒಳಗಿನ ಫಂಕ್ಷನ್ ಮುಗಿದಾಗ ಅಲ್ಲ, ಇಡೀ ಶೆಲ್ಲು ಎದ್ದು ಹೋಗುವಾಗ."

"ಮೊದಲು ಹೇಳಿದವನು ನಾನು!"

"ಮೊದಲು ಬಂದವರಿಗೆ ಮಣೆ ಹಾಕೋಕೆ ಅದೇನು ಮದುವೆ ಮನೆಯಾ?"

"ಹೇಳದೆ ಕೇಳದೆ ಬಿಚ್ಚೋದು ಅನ್ಯಾಯ ಅಲ್ವಾ?"

"ಬಿಚ್ಚುವ ಮುಂಚೆ ಕೇಳು ಅಂತ ಅದಕ್ಕೆ ಯಾರು ಹೇಳಿದ್ರು?"

ಹಾಲಮ್ಮ ಸೆರಗಿನ ಗಂಟನ್ನೇ ನೋಡುತ್ತಿದ್ದಳು. "ನನ್ನ ಫಂಕ್ಷನ್ ಮುಗಿದ ಕೂಡಲೇ ನನ್ನ ಮಾತು ಮುಗಿಯುತ್ತೆ ಅಂದ್ಕೊಂಡಿದ್ದೆ ಅಕ್ಕಾ. ತಪ್ಪಾಯ್ತು. ನಿಮ್ಮದು ಅಲ್ಲೇ ಕಟ್ಟಿದೆ ಅನ್ನೋದು ನನ್ನ ತಲೆಗೇ ಬರಲಿಲ್ಲ ತಿಪ್ಪೇಶಪ್ಪ."

ತಪ್ಪು ಒಪ್ಪಿಕೊಂಡವರ ಮೇಲೆ ಸಿಟ್ಟು ಇಳಿಯಬೇಕು. ತಿಪ್ಪೇಶನ ಸಿಟ್ಟು ಆ ಜಾತಿಯದಲ್ಲ. ತಾನು ಅಂದುಕೊಂಡದ್ದನ್ನೇ ಅವಳೂ ಅಂದುಕೊಂಡಿದ್ದಳು ಎಂದು ಕೇಳಿ ಅವನಿಗೆ ಒಂದು ಹೊಸ ಆಸರೆ ಸಿಕ್ಕಿತು.

"ಹಾಗೇ ಆಗಬೇಕು ಅಕ್ಕಾ! ಒಳಗಿನದು ಮುಗಿದಾಗ ಒಳಗಿನ ಮಾತು, ಹೊರಗಿನದು ಮುಗಿದಾಗ ಹೊರಗಿನ ಮಾತು. ಅದು ನ್ಯಾಯ. ತಡೀರಿ, ತೋರಿಸ್ತೀನಿ."

ಓಡಿಹೋಗಿ ತನ್ನ ಲ್ಯಾಪ್‌ಟಾಪ್ ತಂದ. ಅದಕ್ಕೆ ಗೇಟು ಇಲ್ಲ. ಗೇಟಿನ ಬದಲು 'ಗೇಟು ಮುಚ್ಚಿದೆ' ಎಂಬ ಅಕ್ಷರ ಮೂಡುವಂತೆ ಮಾಡಿಕೊಂಡಿದ್ದ. ಸ್ಕ್ರಿಪ್ಟ್ ಓಡಿಸಿದ. 'ಮಟ್ಟನೋಡು' ಮುಗಿಯಿತು, ಆಗಲೇ ಫೈಲು ಅಳಿಸಿಹೋಯಿತು. 'ನೀರುಬಿಡು' ಮುಗಿಯಿತು, ಪರದೆಯ ಮೇಲೆ 'ಗೇಟು ಮುಚ್ಚಿದೆ' ಎಂದು ಬಂತು.

"ನೋಡಿದ್ರಾ?" ಎಂದು ಗೆದ್ದವನ ಹಾಗೆ ತಲೆ ಎತ್ತಿದ. "ನನ್ನದು ಝೆಡ್‌ಶೆಲ್, ಬೇರೆ ಜಾತಿ ಶೆಲ್ಲು. ಇದಕ್ಕೆ ಮರ್ಯಾದೆ ಗೊತ್ತು. ಒಳಗಿನೋರ ಗಂಟು ಬೇರೆ, ಹೊರಗಿನೋರ ಗಂಟು ಬೇರೆ. ಮರ್ಯಾದೆ ಇಲ್ಲದ್ದು ನಿಮ್ಮ ಪಂಪ್‌ಹೌಸಿನ ಶೆಲ್ಲು!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೌರಕ್ಕ ಆ ಗಾದೆ ಹೇಳಲಿಲ್ಲ. ಹಾಲಮ್ಮನ ಕಡೆ ತಿರುಗಿದರು.

"ನಿನ್ನೆ ಸೇರಿಸೋ ಮುಂಚೆ ಇವನಿಗೆ ತೋರಿಸಿದ್ಯಾ?"

ಹಾಲಮ್ಮ ತಲೆ ತಗ್ಗಿಸಿದಳು. ಹೇಳಲು ಅವಳಿಗೆ ಇಷ್ಟವಿರಲಿಲ್ಲ.

"ತೋರಿಸ್ದೆ ಅಕ್ಕಾ."

"ಏನಂದ?"

"ತಾವೇ ಓಡಿಸಿ ನೋಡಿದ್ರು. 'ಸರಿಯಿದೆ, ಹಾಕಿ' ಅಂದ್ರು."

"ಅಂದೆ!" ತಿಪ್ಪೇಶ ನೆಲಕ್ಕೆ ಕೈ ಬಡಿದ. "ಈಗಲೂ ಅಂತೀನಿ. ಸರಿಯಾಗೇ ಓಡ್ತಾ ಇದೆಯಲ್ಲ, ನೀವೇ ನೋಡಿದ್ರಿ!"

"ಓಡಿಸಿದ್ದು ಎಲ್ಲಿ?"

"ಇದರಲ್ಲಿ."

"ಗೇಟು ಯಾರ ಕೈಯಲ್ಲಿದೆ?"

ತಿಪ್ಪೇಶ ಲ್ಯಾಪ್‌ಟಾಪ್ ಮುಚ್ಚಿದ. ಸ್ವಲ್ಪ ಜೋರಾಗಿಯೇ ಮುಚ್ಚಿದ.

ಇಷ್ಟು ಹೊತ್ತಿಗೆ ಬಾಗಿಲಲ್ಲಿ ಕೆಂಚಪ್ಪ ಬಂದು ನಿಂತಿದ್ದ. ಒಳಗೆ ಬರಲಿಲ್ಲ. ಹೆಗಲ ಮೇಲಿನ ಟವಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ.

"ಒಳಗೆ ಪುರಾಣ ನಡೀತಿದೆಯಾ? ನಡೀಲಿ, ನಡೀಲಿ. ನಾಳಿದ್ದು ಆವಿಗೆ ಹಚ್ಚಬೇಕಿತ್ತು ನಾನು. ಬಿಸಿಲು ಏರಿದೆ, ತಣ್ಣೀರಿನ ಹರವಿ ಕೇಳ್ಕೊಂಡು ಜನ ಬರೋ ಕಾಲ. ಅವರಿಗೆ ಏನು ಕೊಡ್ಲಿ? ಕೆಸರು ಕೊಡ್ಲಾ? ನೀವು ಒಬ್ಬರ ಮೇಲೆ ಒಬ್ಬರು ಹಾಕ್ಕೊಂಡು ಕೂತಿದ್ರೆ ನನ್ನ ಮಡಕೆ ಎದ್ದು ನಿಲ್ತಾವಾ?"

"ಕೆಂಚಪ್ಪಣ್ಣ, ತಪ್ಪು ನಂದಲ್ಲ," ಎಂದು ತಿಪ್ಪೇಶ ಎದ್ದ. "ನಾನು ಮೊದಲೇ ಟ್ರ್ಯಾಪ್ ಹಾಕಿಟ್ಟಿದ್ದೆ. ಹೋಗುವಾಗ ಗೇಟು ಮುಚ್ಚು ಅಂತ. ಅದನ್ನ ಇವರು..."

"ನಂಗೆ ಹರವು ಅಂದೋರು ಯಾರು? ಇವರಾ?"

ತಿಪ್ಪೇಶ ಗೌರಕ್ಕನ ಕಡೆ ತಿರುಗಿದ.

ಆಗ ಗೌರಕ್ಕ ಕೇಳಿದರು. ಅವರ ದನಿಯೂ ಈಗ ಬಿಸಿಯಾಗಿತ್ತು. "ಧಾರಾಳವಾಗಿ ಹರವ್ಕೋ ಅಂತ ಕೆಂಚಪ್ಪನಿಗೆ ನೀನು ಹೇಳಿ ಬಂದೆ. ಇವತ್ತು ಬೆಳಿಗ್ಗೆ ಗೇಟು ಮುಚ್ಚಿತಾ ಅಂತ ನೋಡೋಕೆ ಯಾರನ್ನ ನಿಲ್ಲಿಸಿದ್ದೆ?"

"ನೋಡೋದ್ಯಾಕೆ ಅಕ್ಕಾ? ಯಾರೂ ನೋಡೋದು ಬೇಡ ಅಂತಾನೇ ಅಲ್ವಾ ಟ್ರ್ಯಾಪ್ ಇಡೋದು!"

ತನ್ನ ಮಾತು ತನಗೇ ಕೇಳಿಸಿದಾಗ ತಿಪ್ಪೇಶನ ಮುಖ ಕೆಂಪಾಯಿತು. ಬೇರೆ ಯಾರಾದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವನು ಅಲ್ಲಿಂದಲೇ ಶುರು ಮಾಡಿದ.

"ಸರಿ, ತಪ್ಪೆಲ್ಲ ನನ್ನ ತಲೆಗೇ ಕಟ್ಟಿ! ಇಷ್ಟು ವರ್ಷ ಇಲ್ಲಿ ದುಡಿದಿದ್ದಕ್ಕೆ ಇದೇ ಸನ್ಮಾನ. ಒಂದು ಮಾತು ಹೇಳ್ತೀನಿ ಅಕ್ಕಾ. ಈ ಆಶ್ರಮದಲ್ಲಿ ಒಬ್ಬರು ಹೋಗಲೇಬೇಕು. ಅವರು ಹೋಗ್ತಾರೋ ನಾನು ಹೋಗ್ಲೋ, ಈಗಲೇ ಹೇಳಿ."

ಹಾಲಮ್ಮನ ಕಣ್ಣು ತುಂಬಿತು. ಆಸ್ಪತ್ರೆ ಬಿಟ್ಟ ಮೇಲೆ ಅವಳಿಗೆ ತನ್ನದು ಎನ್ನಲು ಇದ್ದದ್ದು ಈ ಜಾಗ ಒಂದೇ. ಅದು ತಿಪ್ಪೇಶನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ. ಸಿಟ್ಟು ಬಂದವನು ಎಲ್ಲಿ ಹೊಡೆದರೆ ನೋಯುತ್ತದೆ ಎಂಬುದನ್ನು ಮಾತ್ರ ಮರೆಯುವುದಿಲ್ಲ.

ಗೌರಕ್ಕ ಕೆಂಚಪ್ಪನ ಕಡೆ ನೋಡಿದರು.

"ಕರಗಿದ ಮಣ್ಣು ಮತ್ತೆ ಮಡಕೆ ಆಗುತ್ತೇನಪ್ಪ?"

"ಮಣ್ಣು ಎಲ್ಲಿಗೆ ಹೋಗುತ್ತೆ ಅಕ್ಕಾ? ಬಾಚಿ ತಂದು ಗುಂಡಿಗೆ ಹಾಕ್ಬೇಕು, ಕಲ್ಲು ತೆಗೀಬೇಕು, ಮರಳು ಬೆರೆಸಿ ಮತ್ತೆ ತುಳೀಬೇಕು. ತಿಗರಿ ತಿರುಗಿಸೋಕೆ ನನ್ನ ಕೈ ಇದೆ. ತುಳಿಯೋಕೆ ಕಾಲು ಎಲ್ಲಿಂದ ತರ್ಲಿ?"

"ನಡಿ," ಎಂದು ಗೌರಕ್ಕ ಅವನ ಹಿಂದೆ ಹೊರಟರು. ಆರಿಸಿದ ಅಕ್ಕಿ, ಆರಿಸದ ಅಕ್ಕಿ ಎರಡೂ ಮೊರದಲ್ಲೇ ಉಳಿದವು.

ಹಾಲಮ್ಮನೂ ಹೊರಗೆ ಹೋದಳು. ತಿಪ್ಪೇಶ ಒಬ್ಬನೇ ನಿಂತ. ಉತ್ತರವಿಲ್ಲ ಅಂದರೆ ತಾನೇ ಹೋಗಬೇಕು ಎಂದೇ ಅರ್ಥ, ಎಂದು ತೀರ್ಮಾನಿಸಿದ. ತನ್ನ ಗುಡಿಸಲಿಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುರುಕಿದ. ಮಡಚಲಿಲ್ಲ. ಯಾರಾದರೂ ಬಂದು ತಡೆದಾರು ಎಂದು ನಡುನಡುವೆ ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಹೊರಡುವ ದಾರಿ ಪಂಪ್‌ಹೌಸಿನ ಮುಂದೆಯೇ. ಒಳಗೆ ಹಾಲಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವಳನ್ನು ನೋಡದೆ ಹೋಗಬೇಕೆಂದುಕೊಂಡ. ಕಾಲು ನಿಂತಿತು.

"ಇನ್ನೂ ಏನು ಕೆಡಿಸ್ತಾ ಇದ್ದೀರಿ?"

"ನನ್ನ ಫಂಕ್ಷನ್ನ ದುಂಡು ಕಂಸದೊಳಗೆ ಹಾಕ್ದೆ ತಿಪ್ಪೇಶಪ್ಪ. ಈಗ ಅದು ತನ್ನದೇ ಒಂದು ಪುಟ್ಟ ಶೆಲ್ಲಿನಲ್ಲಿ ಓಡುತ್ತೆ. ಆ ಪುಟ್ಟದು ಮುಗಿದಾಗ ನನ್ನ ಫೈಲು ಹೋಗುತ್ತೆ. ಹೊರಗೆ ನೀವು ಕಟ್ಟಿದ ಗಂಟನ್ನ ಅದು ಮುಟ್ಟಲ್ಲ."

ತಿಪ್ಪೇಶ ಬಗ್ಗಿ ಪರದೆ ನೋಡಿದ. ಸರಿಯಾಗಿತ್ತು. ಸರಿಯಾಗಿದ್ದದ್ದೇ ಅವನಿಗೆ ತಡೆಯಲಾಗಲಿಲ್ಲ.

"ಇದನ್ನ ನಿನ್ನೆ ಮಾಡ್ಬೇಕಿತ್ತು."

"ಹೌದು."

ಅವನು ಇನ್ನೊಂದು ಮಾತಿಗೆ ಕಾದ. ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆಯುವುದು ಹೇಗೆ? ಹಾಲಮ್ಮ ಸ್ಕ್ರಿಪ್ಟ್ ಓಡಿಸಿ, ಎದ್ದು, ಅವನನ್ನು ದಾಟಿ ಹೊರಗೆ ಹೋದಳು. ತೊಟ್ಟಿಯ ಹತ್ತಿರ ಹೋಗಿ ಗೇಟಿನ ಪಕ್ಕ ನಿಂತಳು. ಗೇಟು ತೆರೆಯಿತು, ಒಂದಿಷ್ಟು ನೀರು ತೋಟಕ್ಕೆ ಹರಿಯಿತು, ಗೇಟು ಮುಚ್ಚಿತು. ಅವಳು ಬಗ್ಗಿ ಗೇಟಿನ ಸಂದಿಗೆ ಕೈಯಿಟ್ಟು ನೋಡಿದಳು. ಆಮೇಲೆ ಮತ್ತೊಮ್ಮೆ ಓಡಿಸಲು ಒಳಗೆ ಬಂದಳು.

ತಿಪ್ಪೇಶ ಚೀಲ ಹೆಗಲಿಗೇರಿಸಿ ದಿಬ್ಬ ಇಳಿದ.

ಕೆಳಗೆ ಕೆಂಚಪ್ಪನ ಅಂಗಳದಲ್ಲಿ ಮಣ್ಣಿನ ಗುಂಡಿ. ಗುಂಡಿಯಲ್ಲಿ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ಕೋಲು ಊರಿಕೊಂಡು, ಗೌರಕ್ಕ ಮಣ್ಣು ತುಳಿಯುತ್ತಿದ್ದರು. ಮೀನಖಂಡದವರೆಗೆ ಹೂತಿದ್ದ ಕಾಲನ್ನು ಕಿತ್ತು ಮೇಲೆತ್ತುವಾಗ ಮುಖ ಬಿಗಿಯುತ್ತಿತ್ತು. ಮಂಡಿನೋವಿಗೆ ರಾತ್ರಿ ಎಣ್ಣೆ ತಿಕ್ಕಿಸಿಕೊಳ್ಳುವ ಮುದುಕಿ. ಕೆಂಚಪ್ಪ ಒಂದು ಕೈಯಲ್ಲಿ ಮರಳು ಉದುರಿಸುತ್ತ, ಬೇಡ ಅಕ್ಕಾ ಮೇಲೆ ಬನ್ನಿ ಅನ್ನುತ್ತಿದ್ದ. ಅವನ ಸಿಟ್ಟು ಎಲ್ಲಿಗೆ ಹೋಗಿತ್ತೋ.

ತಿಪ್ಪೇಶ ಗುಂಡಿಯ ಅಂಚಿಗೆ ಓಡಿದ.

"ಅಕ್ಕಾ! ನೀವ್ಯಾಕೆ ಇಳಿದ್ರಿ? ನೀವೇನು ತಪ್ಪು ಮಾಡಿದ್ರಿ?"

"ನಾನು ಶೆಲ್ಲು ಅಂದಿದ್ದೆನಲ್ಲೋ," ಗೌರಕ್ಕ ಉಸಿರು ಎಳೆದುಕೊಂಡರು. "ಒಳಗೆ ಯಾರು ಕಟ್ಟಲಿ, ಯಾರದು ಬಿಚ್ಚಲಿ, ಎಲ್ಲ ಹೊರಗೆ ಬರೋದು ನನ್ನ ಬಾಗಿಲಿಂದ ತಾನೆ?"

"ಇದು ಅನ್ಯಾಯ!" ತಿಪ್ಪೇಶ ಕೂಗಿದ. ಯಾರಿಗೆ ಆಗುತ್ತಿರುವ ಅನ್ಯಾಯಕ್ಕೆ ಕೂಗಿದನೋ ಅವನಿಗೇ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಅದಕ್ಕೂ ಅವನಿಗೆ ಸಿಟ್ಟು. "ಹಾಲಮ್ಮ ಪಂಪ್‌ಹೌಸಿನಲ್ಲಿ ಕೂತಿದಾರೆ. ನೀವು ಕೆಸರಲ್ಲಿ ನಿಂತ್ರಿ. ನಾನು ಚೀಲ ಹೊತ್ಕೊಂಡು ಬೀದಿಗೆ ಬಿದ್ದೆ. ತಪ್ಪು ಯಾರದ್ದು ಅಂತ ನೀವು ಇನ್ನೂ ಹೇಳಲಿಲ್ಲ!"

ಗೌರಕ್ಕ ಕೋಲನ್ನು ಮುಂದಕ್ಕೆ ಊರಿ ಇನ್ನೊಂದು ಹೆಜ್ಜೆ ತುಳಿದರು. ಕಾಲಿಗೆ ಸಿಕ್ಕ ಒಂದು ಕಲ್ಲನ್ನು ಬಗ್ಗಿ ತೆಗೆದು ಗುಂಡಿಯ ಆಚೆ ಹಾಕಿದರು.

"ಸರಿ," ಎಂದ ತಿಪ್ಪೇಶ. "ಹೇಳಬೇಡಿ. ನಾನು ಹೊರಟೆ. ಹೋಗುವಾಗ ಮಾಡಬೇಕಾದ್ದು ಏನಾದ್ರೂ ಇದ್ರೆ ಹೇಳಿ, ಮಾಡಿಟ್ಟೇ ಹೋಗ್ತೀನಿ. ನಿಮ್ಮ ಋಣ ನಂಗೆ ಬೇಡ."

ಗೌರಕ್ಕ ತಲೆ ಎತ್ತಿ ಅವನನ್ನು ನೋಡಿದರು.

"ಹೋಗುವಾಗ ಮಾಡೋದು ಏನೂ ಇಲ್ಲ ಕಣೋ. ಇದ್ದು ಮಾಡೋದಾದ್ರೆ, ಮಣ್ಣು ಇನ್ನೂ ಹದಕ್ಕೆ ಬಂದಿಲ್ಲ."